ಊರಾಚೆ ಗಾಳದ ರೀಲ್ ಕೆಟ್ಟಾಗ ಮಾಡುವ ಕೆಲಸಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಗೋವಾದ ವಾಸ್ಕೋದಲ್ಲಿರುವ ನಾವೊಂದಷ್ಟು ಕನ್ನಡಿಗರು ರಜೆ ಸಿಕ್ಕಾಗ ಬೇತುಲ್ ಕಡೆ, ಸಾಲ್ ನದಿ ಸಮುದ್ರ ಸೇರುವಲ್ಲಿ, ಗಾಳ ಹಾಕಲು ಹೋಗುತ್ತೇವೆ. ಹೊಸಬರಿಗೆಂದು ಕನ್ನಡದಲ್ಲಿ ಒಂದು ಸಣ್ಣ ಟಿಪ್ಪಣಿ ಬರೆಯುತ್ತಿದ್ದೇನೆ. ದಂಡೆಯಲ್ಲಿ ರೀಲ್ (ಗಾಳದ ಕೋಲಿಗೆ ಕೂರಿಸಿದ, ದಾರ ಸುತ್ತುವ ಯಂತ್ರ) ಕೆಟ್ಟರೆ, ಕೈಗೆ ಸಿಕ್ಕಿದ್ದರಲ್ಲೇ ಆವತ್ತಿನ ಮಟ್ಟಿಗೆ ಅದನ್ನು ನಡೆಸುವುದು ಹೇಗೆ ಅಂತ. ಆ ಕೆಲಸಕ್ಕೊಂದು ಮಾತು ಬೇಕಾಗಿದೆ, ತಲೆಬರಹವೇ ಆಗುತ್ತಿಲ್ಲ.

ಇಲ್ಲಿ ಎಲ್ಲರ ಬಾಯಲ್ಲೂ ಜುಗಾಡ್. ಅದು ನನಗೆ ಒಪ್ಪಿಗೆಯಿಲ್ಲ. ಹಿಂಬಾಗಿಲಿಂದ ಸೀಟು ಗಿಟ್ಟಿಸಿದರೂ ಜುಗಾಡೇ ಅಲ್ವಾ? ‘ತೇಪೆ’ ಅಂದರೆ ಹುಳುಕು ಮುಚ್ಚಿದ ಹಾಗೆ ಕೇಳುತ್ತದೆ. ‘ದುರಸ್ತಿ’ ಅಂದರೆ ಕೆಲಸ ಪೂರ್ತಿ ಮುಗಿದ ಹಾಗೆ.

ಯಾಕೆ ಇಷ್ಟು ಎಳೆಯುತ್ತಿದ್ದೇನೆ ಅಂದರೆ, ಈ ಕೆಲಸಗಳು ಒಂದೇ ಜಾತಿಯವಲ್ಲ. ಬ್ರೇಡ್, ಅಂದರೆ ಎಳೆಗಳನ್ನು ಹೆಣೆದ ದಾರ, ತನ್ನನ್ನು ಸುತ್ತಿದ ನುಣುಪಾದ ಉರುಳೆಯ (ಸ್ಪೂಲ್) ಮೇಲೆ ಇಡಿಯಾಗಿ ಜಾರಿ ಸುತ್ತುತ್ತದೆ, ನೋಡಿದವರಿಗೆ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಬಿಗಿ ಹಿಡಿದೇ ಬಿಟ್ಟುಕೊಡುವ ಬ್ರೇಕು) ಕೆಟ್ಟಿದೆ ಅನಿಸುತ್ತದೆ. ದಾರ ಪೂರ್ತಿ ಬಿಚ್ಚಿ, ಸ್ಪೂಲಿಗೆ ಒಂದು ಸುತ್ತು ಟೇಪ್ ಅಂಟಿಸಿ, ಅದರ ಮೇಲೆ ಗಂಟು ಹಾಕಿ ಬಿಗಿಯಾಗಿ ಸುತ್ತಿದರೆ ಮುಗಿಯಿತು, ಮನೆಗೆ ಬಂದ ಮೇಲೂ ತೆಗೆಯಬೇಕಿಲ್ಲ. ಇದು ದುರಸ್ತಿಯೇ. ಆದರೆ ಡ್ರ್ಯಾಗ್ ಒಳಗಿನ ಫೆಲ್ಟ್ ವಾಶರ್ ಹರಿದು, ಹಳೆ ಚಪ್ಪಲಿಯ ತೊಗಲನ್ನು ಗುಂಡಗೆ ಕತ್ತರಿಸಿ ಕೂರಿಸಿದರೆ? ಆವತ್ತಿಗೆ ನಡೆಯುತ್ತದೆ. ತೊಗಲು ಉಪ್ಪುನೀರು ಕುಡಿದು ಉಬ್ಬುತ್ತದೆ, ಹಾಗಾಗಿ ಮನೆಗೆ ಬಂದ ಕೂಡಲೇ ತೆಗೆದು ಸರಿಯಾದ ವಾಶರ್ ಹಾಕಲೇಬೇಕು. ಇನ್ನು ಬೇಲಿನ (ದಾರವನ್ನು ಸ್ಪೂಲಿಗೆ ಸುತ್ತಿಸುವ, ಎಸೆಯುವಾಗ ತೆರೆಯುವ ತಂತಿಯ ಕಮಾನು) ಸ್ಪ್ರಿಂಗ್ ಮುರಿದಾಗ ಪೆನ್ನಿನ ಸ್ಪ್ರಿಂಗ್ ತುರುಕಲು ಒದ್ದಾಡುವವರಿದ್ದಾರೆ. ಸುಮ್ನೆ ಬಿಡಿ. ಪ್ರತಿ ಸಲ ಗಾಳ ಎಸೆದ ಮೇಲೆ ಬೇಲನ್ನು ಕೈಯಲ್ಲೇ ಮುಚ್ಚಿದರಾಯಿತು. ಸ್ಪ್ರಿಂಗ್ ಚೆನ್ನಾಗಿರುವ ರೀಲಿನಲ್ಲೂ ನಾನು ಹಾಗೇ ಮಾಡುವುದು, ದಾರ ಹುರಿಗಟ್ಟುವುದು ಕಡಿಮೆಯಾಗುತ್ತದೆ. ಇಲ್ಲಿ ರಿಪೇರಿಯೇ ಇಲ್ಲ, ನಿಭಾಯಿಸುವುದಷ್ಟೇ.

(ಉಪ್ಪು ಕಟ್ಟಿ ಲೈನ್ ರೋಲರ್, ಅಂದರೆ ದಾರ ಹಾದುಹೋಗುವ ಪುಟ್ಟ ಗಾಲಿ, ಹಿಡಿದುಕೊಂಡರೆ ಒಂದೇ ಹನಿ ಮಷೀನ್ ಎಣ್ಣೆ ಸಾಕು. ತೆಂಗಿನೆಣ್ಣೆ ಬೇಡ, ತಂಪಿಗೆ ಗಟ್ಟಿಯಾಗುತ್ತದೆ. ಎಣ್ಣೆ ಜಾಸ್ತಿಯಾಗಿ ಆ್ಯಂಟಿ-ರಿವರ್ಸ್ ಬೇರಿಂಗ್ ಒಳಗೆ ಹೋದರೆ ಅದು ಜಾರಿ, ಹಿಡಿಕೆ ಹಿಂದಕ್ಕೂ ತಿರುಗತೊಡಗುತ್ತದೆ.)

ಈಗ ಪ್ರಶ್ನೆಗೆ ಬರುತ್ತೇನೆ. ನಮ್ಮ ಜೊತೆ ಬರುವ ಧಾರವಾಡದ ಗೆಳೆಯ ‘ಸದ್ಯೇಕ ನಡೀತೈತಿ ಬಿಡ್ರಿ’ ಅನ್ನುತ್ತಾನೆ. ಭಾವ ಸರಿಯಾಗಿದೆ, ಆದರೆ ಅದನ್ನು ತಲೆಬರಹ ಮಾಡಲಾಗದು. ನನ್ನ ಮನಸ್ಸು ‘ಸುಧಾರಿಸು’ ಕಡೆಗಿದೆ. ‘ಇವತ್ತೊಂದಿನ ಸುಧಾರಿಸ್ಕೊಳ್ಳಿ’ ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ಕೊರತೆ ಇದೆ ಅಂತ ಗೊತ್ತಿದ್ದೇ ಕೆಲಸ ಸಾಗಿಸುವುದು ಅದರಲ್ಲಿದೆ. ತೊಡಕು ಏನೆಂದರೆ, ಅದನ್ನು ನಾಮಪದ ಮಾಡಿದರೆ ‘ಸುಧಾರಣೆ’ ಆಗುತ್ತದೆ, ಅದು ಸಮಾಜ ಸುಧಾರಣೆ, ಭೂ ಸುಧಾರಣೆಗಳ ಪಾಲಾಗಿಹೋಗಿದೆ. ‘ರೀಲ್ ಸುಧಾರಣೆ’ ಅಂತ ಬರೆದರೆ ಮೊದಲಿಗಿಂತ ಒಳ್ಳೆಯದು ಮಾಡಿದ ಹಾಗೆ ಓದಿಸುತ್ತದೆ.

ಹೊಲದ ನಡುವೆ ನೇಗಿಲೋ ಕುಂಟೆಯೋ ಮುರಿದಾಗ, ಮಗ್ಗದಲ್ಲಿ ಏನಾದರೂ ಕೈಕೊಟ್ಟಾಗ, ದೋಣಿ ನೀರಲ್ಲಿದ್ದಾಗಲೇ ಹುಟ್ಟು ಸೀಳಿದಾಗ ಆವತ್ತಿಗಷ್ಟೇ ಕಟ್ಟಿ ನಡೆಸುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಒಂದೇ ಪದ ಆಗಬೇಕೆಂದಿಲ್ಲ, ಜೋಡಿ ಮಾತಾದರೂ ಸರಿ. ಯಾವ ಊರಿನ ಬಳಕೆ ಅಂತ ಜೊತೆಗೆ ಬರೆಯಿರಿ. ಬೇಲ್, ಡ್ರ್ಯಾಗ್, ಸ್ಪೂಲ್‌ಗಳನ್ನು ಹಾಗೇ ಬಿಡುತ್ತಿದ್ದೇನೆ, ಅಂಗಡಿಯಲ್ಲಿ ಕೇಳುವುದೂ ಅವೇ ಮಾತು. ದಾರಕ್ಕೆ ಮಾತ್ರ ‘ತಂಗೂಸಿ’ ಹಾಕೋಣವೇ ಅಂತಿದ್ದೇನೆ. ಅದು ನೈಲಾನಿಗಷ್ಟೇ ಸಲ್ಲುತ್ತದೋ, ಬ್ರೇಡಿಗೂ ಹಾಗೇ ಅನ್ನುತ್ತೀರೋ, ಬಳಸುವವರು ಹೇಳಿ.