ಪದಚರ್ಚೆ: ‘ವಾಟರ್ ಹಯಸಿಂತ್’ ಕನ್ನಡದಲ್ಲಿ ಏನು? ಕೆರೆಯ ಫಲಕಕ್ಕೆ ತುರ್ತಾಗಿ ಬೇಕಿದೆ

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಯ ಫಲಕ ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ‘ವಾಟರ್ ಹಯಸಿಂತ್ ತಂದು ಕೆರೆಗೆ ಬಿಡಬೇಡಿ’ ಎಂಬುದು ಸಾಲು. ನೀರ ಮೇಲೆ ತೇಲಿ ಹಬ್ಬುವ ಈ ಕಳೆಗೆ ಸಮಿತಿಯಲ್ಲಿ ಕೆಲವರು ‘ಅಂತರಗಂಗೆ’ ಎನ್ನುತ್ತಾರೆ, ಒಬ್ಬರು ‘ಜಲಕುಂಭಿ’ಗೆ ಪಟ್ಟು ಹಿಡಿದಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಎರಡೂ ಸಲ್ಲ. ಅಂತರಗಂಗೆ ಎಂದರೆ ಪಿಸ್ಟಿಯ ಎಂಬ ಬೇರೆಯೇ ಗಿಡ, ಕೆಸುವಿನ ಕುಟುಂಬದ್ದು. ಅದರ ಎಲೆಗೆ ತೊಟ್ಟಿಲ್ಲ, ಮೈತುಂಬ ನವಿರು ರೋಮ, ಹೂವನ್ನು ಎಲೆಗಳ ನಡುವೆ ಹುಡುಕಬೇಕು. ನೀವು ಕೇಳಿದ ಗಿಡದ ತೊಟ್ಟು ಉಬ್ಬಿರುತ್ತದೆ, ಹಿಚುಕಿದರೆ ಒಳಗೆಲ್ಲ ಸ್ಪಂಜು. ತಿಳಿನೇರಳೆ ಹೂಗೊಂಚಲು, ಮೇಲಿನ ದಳದಲ್ಲಿ ಹಳದಿ ಮಚ್ಚೆ. ‘ಜಲಕುಂಭಿ’ಯದೂ ಹಿಂದಿಯಲ್ಲಿ ಇದೇ ಗೊಂದಲ, ಎರಡು ಗಿಡಕ್ಕೂ ಹೇಳುತ್ತಾರೆ. ‘ಹಯಸಿಂತ್’ ಅಂತೂ ಬೇಡವೇ ಬೇಡ. ನಿಜವಾದ ಹಯಸಿಂತ್ ಗಡ್ಡೆಯಿಂದ ಏಳುವ ನೆಲದ ಗಿಡ, ಶತಾವರಿಯ ಕುಟುಂಬದ್ದು. ಇಂಗ್ಲಿಷಿನವರ ತಪ್ಪನ್ನು ನಾವೇಕೆ ಸಾಲ ತರಬೇಕು? ತೆಲುಗರು ಎಲೆಯ ಆಕಾರ ನೋಡಿ ‘ಗುರ್ರಪು ಡೆಕ್ಕ’, ಕುದುರೆಗೊರಸು, ಎಂದರು. ನಮಗೇನು ಬಂದಿದೆ?

ಇನ್ನೊಂದು ಉತ್ತರ: ಒಪ್ಪುವುದಿಲ್ಲ. ಬೇರು ನೆಲ ಮುಟ್ಟದೆ ಅಂತರದಲ್ಲಿ ತೂಗುವ ಗಿಡ, ಆದ್ದರಿಂದ ಅಂತರಗಂಗೆ. ಇದು ನನ್ನ ಗಟ್ಟಿ ನಂಬಿಕೆ. ತಮಿಳರ ‘ಆಗಾಯತ್ತಾಮರೈ’, ಆಕಾಶದ ತಾವರೆ, ಕೂಡ ಇದೇ ದಾರಿಯದು. ಹಾಗೆಯೇ ಬಾಳುವ ಇನ್ನೊಂದು ಗಿಡ ಕೆರೆ ತುಂಬಿದಾಗ ಜನ ಅದೇ ಹೆಸರು ಹಿಡಿದು ಕರೆದರು. ಸಸ್ಯಶಾಸ್ತ್ರಜ್ಞರು ಒಂದೇ ಹೆಸರಿಗೆ ನಿಂತಿದ್ದಾರೆಯೇ? 1823ರಲ್ಲಿ ಮಾರ್ಷಿಯಸ್ ಇಟ್ಟದ್ದು ಪಾಂಟೆಡೇರಿಯ ಕ್ರಾಸಿಪೆಸ್. 1883ರಲ್ಲಿ ಅದು ಐಕಾರ್ನಿಯ ಆಯಿತು, ಅದೂ ಪ್ರಷ್ಯದ ಮಂತ್ರಿಯೊಬ್ಬನ ಹೆಸರಿನಿಂದ. 2018ರಲ್ಲಿ ಮತ್ತೆ ಪಾಂಟೆಡೇರಿಯ! ಅಮೆಜಾನಿನ ಈ ಗಿಡವನ್ನು ಹೂವಿನ ಚೆಂದಕ್ಕೆ ಮರುಳಾಗಿ ದೇಶದೇಶದ ಕೊಳಗಳಿಗೆ ಒಯ್ದರು. ಬಂಗಾಳದಲ್ಲಿ ಅದು ಹಬ್ಬಿದ ಪರಿಗೆ 1936ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಅಲ್ಲಿಯೂ ಜನ ತೇಲುವ ಕಳೆಗಿದ್ದ ಹಳೆಯ ಹೆಸರು ‘ಪಾನಾ’ಕ್ಕೆ ‘ಕಚೂರಿ’ ಸೇರಿಸಿ ‘ಕಚೂರಿಪಾನಾ’ ಎಂದರು. ಜನಬಳಕೆಯನ್ನು ತಿದ್ದಲು ನಾವು ಯಾರು?

ಮೊದಲ ಉತ್ತರದವರು: ಬಳಕೆಯ ಹೆಸರಿನಲ್ಲಿ ಎಲ್ಲವನ್ನೂ ಕಲಸಬೇಡಿ. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಬಿಟ್ಟ ಮೂತಿಹುಳು ಈ ಗಿಡವನ್ನು ಮೇಯುತ್ತದೆ, ಪಿಸ್ಟಿಯವನ್ನಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ಕೆರೆ ಕಾಯುವವರಿಗೆ ಯಾವ ಹುಳು ಯಾವ ಗಿಡಕ್ಕೆ ಎಂದು ಹೇಗೆ ಹೇಳುತ್ತೀರಿ?

ಮೂರನೆಯವರು: ‘ಅಂತರ’ವೂ ಸಂಸ್ಕೃತ, ‘ಗಂಗೆ’ಯೂ ಸಂಸ್ಕೃತ. ‘ತೇಲುಗಿಡ’ ಎನ್ನಿ, ಸಾಕು.

ಎರಡನೆಯವರು: ತೇಲುವುದೆಲ್ಲ ತೇಲುಗಿಡವೇ. ಅದು ಹೆಸರಾಗುವುದಿಲ್ಲ.

ಪ್ರಶ್ನೆ ಕೇಳಿದವರು: ‘ನೇರಳೆ ಹೂವಿನ ಅಂತರಗಂಗೆ’ ಎಂದು ಹಾಕಿ, ಪಕ್ಕದಲ್ಲಿ ಉಬ್ಬಿದ ತೊಟ್ಟಿನ ಚಿತ್ರ ಕೊಡುತ್ತೇನೆ.

ಮೊದಲ ಉತ್ತರದವರು: ಚಿತ್ರವಿದ್ದರೆ ಆಗಬಹುದು. ‘ಕಿತ್ತ ಗಿಡವನ್ನು ದಡದಲ್ಲಿ ಬಿಡಬೇಡಿ’ ಎಂದೂ ಸೇರಿಸಿ. ಮಳೆಗೆ ಒಂದು ತುಂಡು ನೀರಿಗೆ ಜಾರಿದರೂ ಮತ್ತೆ ಚಿಗುರುತ್ತದೆ.