ಛತ್ರದ ಮದುವೆಯಲ್ಲಿ ಮನೆಯವರ ಗ್ರೂಪ್ ಫೋಟೊ ಯಾವಾಗ ತೆಗೆಸಬೇಕು?

ಪ್ರಶ್ನೆ (ಮದುಮಗಳ ಅಣ್ಣ, ಮಂಡ್ಯ): ನಮಸ್ಕಾರ ಸರ್. ಮುಂದಿನ ತಿಂಗಳು ಮೈಸೂರಿನ ಛತ್ರವೊಂದರಲ್ಲಿ ನನ್ನ ತಂಗಿಯ ಮದುವೆಯಿದೆ. ಮೊದಲ ದಿನ ಸಂಜೆ 6.30ಕ್ಕೆ ಆರತಕ್ಷತೆ, ಮರುದಿನ ಬೆಳಿಗ್ಗೆ 9.30ರಿಂದ 10.30ರೊಳಗೆ ಮುಹೂರ್ತ. ಹಿಂದೆ ನಮ್ಮ ಚಿಕ್ಕಪ್ಪನ ಮಗನ ಮದುವೆಯಲ್ಲಿ ನೂರಾರು ಫೋಟೊ ತೆಗೆದಿದ್ದರೂ ಅಜ್ಜಿ ತಮ್ಮ ಮಕ್ಕಳು ಮೊಮ್ಮಕ್ಕಳೆಲ್ಲರ ಜೊತೆ ಇರುವ ಫೋಟೊ ಒಂದೂ ಸಿಗಲಿಲ್ಲ. ಈ ಸಲ ಹಾಗಾಗಬಾರದು. ಧಾರೆ ಮುಗಿದು ಭೂಮದೂಟಕ್ಕೆ ಕೂರುವ ನಡುವಿನ ಸಮಯದಲ್ಲಿ ಎಲ್ಲರನ್ನೂ ಸೇರಿಸಿದರೆ ಸಾಕೇ?

ಉತ್ತರ (ಛಾಯಾಗ್ರಾಹಕ, ಮೈಸೂರು): ದಯವಿಟ್ಟು ಆ ಸಮಯವನ್ನು ನಂಬಬೇಡಿ. ತಾಳಿ ಕಟ್ಟಿ ಅಕ್ಷತೆ ಹಾಕಿದ ಕೂಡಲೇ ಅರ್ಧದಷ್ಟು ನೆಂಟರು ಮೊದಲ ಪಂಕ್ತಿಗೆ ಇಳಿದಿರುತ್ತಾರೆ. ಉಳಿದವರಲ್ಲಿ ಹಲವರು ಮುಯ್ಯಿ ಕೊಟ್ಟು ಬಸ್ಸು ಹಿಡಿಯುವ ಅವಸರದಲ್ಲಿರುತ್ತಾರೆ. ಮದುಮಕ್ಕಳ ಹಾರ ಬಾಡಿ, ಹೋಮದ ಹೊಗೆಗೆ ಕಣ್ಣು ಕೆಂಪಾಗಿರುತ್ತದೆ. ನನ್ನ ಅನುಭವದಲ್ಲಿ ಇದಕ್ಕೆ ಸರಿಯಾದ ಹೊತ್ತು ಆರತಕ್ಷತೆಗೆ ಮೊದಲಿನ ಒಂದು ಗಂಟೆ. ಒಮ್ಮೆ ಉಡುಗೊರೆಯ ಸಾಲು ವೇದಿಕೆ ಹತ್ತಲು ಶುರುವಾದರೆ, ಆ ಸಾಲನ್ನು ನಿಲ್ಲಿಸಿ ಮನೆಯವರನ್ನು ಕರೆಯುವ ಧೈರ್ಯ ನನಗೂ ಇಲ್ಲ, ನಿಮಗೂ ಇರುವುದಿಲ್ಲ.

ಲೆಕ್ಕ ಹೀಗಿದೆ. ಜನರನ್ನು ಕರೆದು, ನಿಲ್ಲಿಸಿ, ಯಾರೂ ಕಣ್ಣು ಮುಚ್ಚದ ಒಂದು ಚಿತ್ರ ಸಿಗುವವರೆಗೆ ನಾಲ್ಕೈದು ಬಾರಿ ಕ್ಲಿಕ್ಕಿಸಲು ಒಂದು ಗುಂಪಿಗೆ ಸುಮಾರು 3 ನಿಮಿಷ ಬೇಕು. ಹನ್ನೆರಡು ಗುಂಪಿಗೆ 36 ನಿಮಿಷ. ಹಾಗಾಗಿ 5.15ಕ್ಕೆ ಮದುಮಕ್ಕಳಿಬ್ಬರೂ ಸಿದ್ಧರಿರಬೇಕು, ಅಂದರೆ ಮೇಕಪ್ ಮಾಡುವವರಿಗೆ 4.45 ಎಂದೇ ಹೇಳಿಡಬೇಕು. ಪಟ್ಟಿಯಲ್ಲಿ ಅಜ್ಜಿಯ ಗುಂಪನ್ನು ಮೊದಲಿಗೆ ಬರೆಯಿರಿ, ಏಕೆಂದರೆ ವಯಸ್ಸಾದವರು ಮತ್ತು ಪುಟ್ಟ ಮಕ್ಕಳು ಹೆಚ್ಚು ಹೊತ್ತು ಕಾಯಲಾರರು. ದೊಡ್ಡ ಗುಂಪನ್ನು ಮೊದಲು ತೆಗೆದು, ಅದರಿಂದಲೇ ಒಬ್ಬೊಬ್ಬರನ್ನು ಕಳಿಸುತ್ತಾ ಬಂದರೆ ಮತ್ತೆ ಮತ್ತೆ ಕೂಗಿ ಕರೆಯುವ ಕೆಲಸ ತಪ್ಪುತ್ತದೆ.

ಇನ್ನೊಂದು ಮಾತನ್ನು ಸ್ವಲ್ಪ ಸಂಕೋಚದಿಂದಲೇ ಹೇಳುತ್ತೇನೆ. ಗಂಡನನ್ನು ಕಳೆದುಕೊಂಡ ಹಿರಿಯ ಹೆಂಗಸರು ಮದುವೆ ಮನೆಯಲ್ಲಿ ತಾವಾಗಿಯೇ ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತುಬಿಡುತ್ತಾರೆ; “ನಾನ್ಯಾಕಪ್ಪ, ನೀವು ತೆಗೆಸಿಕೊಳ್ಳಿ” ಎನ್ನುತ್ತಾರೆ. ಆಲ್ಬಮ್ ನೋಡುವಾಗ ಇಲ್ಲದಿರುವುದು ಅವರ ಮುಖವೇ. ಅವರನ್ನು ಮೈಕಿನಲ್ಲಿ ಕೂಗುವುದಲ್ಲ, ಮೊಮ್ಮಗಳೇ ಹೋಗಿ ಕೈಹಿಡಿದು ಕರೆತರಲಿ.

ಮರುಪ್ರಶ್ನೆ (ಮದುಮಗಳ ಅಣ್ಣ): ಧನ್ಯವಾದಗಳು ಸರ್. ಪಟ್ಟಿ ಹಿಡಿದು ಜನರನ್ನು ಕರೆಯುವ ಹೊಣೆಯನ್ನು ನಾನೇ ಹೊರಲೇ? ನಮ್ಮ ತಾಯಿಯ ಕಡೆಯವರೇ 45 ಜನರಿದ್ದಾರೆ. ವೇದಿಕೆಯ ಹಿಂದೆ ಎಲ್‌ಇಡಿ ಪರದೆಯನ್ನೂ ಮಾತಾಡಿದ್ದೇವೆ, ಅದರಿಂದ ತೊಂದರೆಯಾದೀತೇ?

ಉತ್ತರ (ಛಾಯಾಗ್ರಾಹಕ): ನೀವು ಬೇಡ. ಮದುಮಗಳ ಅಣ್ಣನನ್ನು ಬೀಗರ ಉಪಚಾರದಿಂದ ಜನರೇಟರಿನ ಡೀಸೆಲ್‌ವರೆಗೆ ಎಲ್ಲದಕ್ಕೂ ಹುಡುಕುತ್ತಿರುತ್ತಾರೆ. ಸೋದರಮಾವನಿಗೂ ಶಾಸ್ತ್ರಗಳಿರುತ್ತವೆ. ಎಲ್ಲರ ಮುಖ ಬಲ್ಲ, ಗಟ್ಟಿ ದನಿಯ ಒಬ್ಬ ಭಾವನನ್ನೋ ಚಿಕ್ಕಮ್ಮನ ಮಗನನ್ನೋ ನೇಮಿಸಿ, ಗಂಡಿನ ಕಡೆಯಿಂದಲೂ ಹಾಗೆಯೇ ಒಬ್ಬರನ್ನು ಕೇಳಿ ಪಡೆಯಿರಿ. ಬೀಗರಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆಂಬುದು ನನಗೆ ತಿಳಿಯುವುದಿಲ್ಲ, ಅವರಿಗೆ ತಿಳಿದಿರುತ್ತದೆ.

45 ಜನರನ್ನು ವೇದಿಕೆಯ ಮೇಲೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ನಾನು ವೈಡ್ ಲೆನ್ಸ್ ಹಾಕಬೇಕಾಗುತ್ತದೆ. ಆಗ ತುದಿಯಲ್ಲಿ ನಿಂತವರು ಅಗಲವಾಗಿ, ಎಳೆದಂತೆ ಕಾಣುತ್ತಾರೆ, ಆಮೇಲೆ ಅವರು ಬೈಯುವುದು ನನ್ನನ್ನೇ. ಛತ್ರದ ಮುಂಭಾಗದಲ್ಲಿ ಮೆಟ್ಟಿಲುಗಳಿದ್ದರೆ ಅಲ್ಲಿಗೇ ಕರೆತನ್ನಿ. ಹಿರಿಯರಿಗೆ ಕೈಯಿಲ್ಲದ ಕುರ್ಚಿ ಹಾಕಿ, ಉಳಿದವರನ್ನು ಮೂರು ಮೆಟ್ಟಿಲುಗಳಲ್ಲಿ ನಿಲ್ಲಿಸಿ, ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿದರೆ ಎಲ್ಲರ ಮುಖವೂ ಕಾಣುತ್ತದೆ. ಎಲ್ಲ ಸಾಲುಗಳೂ ಸ್ಪಷ್ಟವಾಗಿ ಬರಲೆಂದು ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, ಎಫ್ 8ರ ಆಸುಪಾಸಿಗೆ ಕಿರಿದಾಗಿಸಿ ಇಡುತ್ತೇವೆ. ಅದಕ್ಕೆ ಬೆಳಕು ಚೆನ್ನಾಗಿರಬೇಕು, ಸಂಜೆ ಐದೂವರೆಯ ಮೃದುವಾದ ಬೆಳಕು ಅದಕ್ಕೆ ಹೇಳಿಮಾಡಿಸಿದಂತಿರುತ್ತದೆ.

ಎಲ್‌ಇಡಿ ಪರದೆ ಬರಿಗಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುವುದರಿಂದ ಚಿತ್ರದಲ್ಲಿ ಅಡ್ಡಪಟ್ಟಿಗಳು ಬೀಳುವುದುಂಟು. ಶಟರ್ ವೇಗ ತಗ್ಗಿಸಿದರೆ, ಅಂದರೆ ಕ್ಯಾಮೆರಾ ಸ್ವಲ್ಪ ಹೆಚ್ಚು ಹೊತ್ತು ಬೆಳಕು ಪಡೆಯುವಂತೆ ಮಾಡಿದರೆ, ಅದು ಕಡಿಮೆಯಾಗುತ್ತದೆ. ಗುಂಪು ಚಿತ್ರಗಳು ಮುಗಿಯುವವರೆಗೆ ಪರದೆಯ ಪ್ರಖರತೆಯನ್ನು ತಗ್ಗಿಸಿ, ಓಡುವ ದೃಶ್ಯಗಳ ಬದಲು ಸರಳವಾದ ಒಂದು ಸ್ಥಿರ ಚಿತ್ರವನ್ನು ಹಾಕಿಸಿ. ಹಾಗೆಯೇ, ಮೊಬೈಲಿನಲ್ಲಿ ತೆಗೆಯುವವರು ನನ್ನ ಕೆಲಸ ಮುಗಿದ ಮೇಲೆ ತೆಗೆಯಲಿ ಎಂದು ನಿಮ್ಮ ಭಾವನಿಂದಲೇ ಹೇಳಿಸಿ. ಇಲ್ಲವಾದರೆ 45 ಜನ ಏಳೆಂಟು ದಿಕ್ಕಿಗೆ ನೋಡುತ್ತಿರುತ್ತಾರೆ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ, ಮೈಸೂರು): ನಮ್ಮ ಮನೆಯಲ್ಲಿ ಧಾರೆಗೆ ಮುಂಚೆ ಹುಡುಗ ಹುಡುಗಿ ಜೊತೆಯಾಗಿ ನಿಲ್ಲುವುದಕ್ಕೆ ಹಿರಿಯರು ಒಪ್ಪುವುದಿಲ್ಲ. ಆಗ ಏನು ಮಾಡುವುದು?

ಉತ್ತರ (ಛಾಯಾಗ್ರಾಹಕ): ಹಿರಿಯರ ಮಾತು ಮೀರುವುದು ಬೇಡ, ಮೇಡಂ. ಹಿಂದಿನ ಸಂಜೆ ಹುಡುಗಿಯನ್ನು ಅವಳ ಮನೆಯವರೊಂದಿಗೆ, ಹುಡುಗನನ್ನು ಅವನ ಮನೆಯವರೊಂದಿಗೆ ಬೇರೆ ಬೇರೆಯಾಗಿ ತೆಗೆದು ಮುಗಿಸಿ. ಜೋಡಿಯೊಂದಿಗೆ ಇರಲೇಬೇಕಾದ ನಾಲ್ಕು ಗುಂಪುಗಳನ್ನು ಮಾತ್ರ ಧಾರೆಯ ನಂತರಕ್ಕೆ ಇಟ್ಟುಕೊಂಡು, ಅವುಗಳಲ್ಲಿರುವವರಿಗೆ ಎರಡನೇ ಪಂಕ್ತಿಗೆ ಕೂರಲು ಮುಂಚೆಯೇ ತಿಳಿಸಿ. ಅಡುಗೆಯವರಿಗೂ ಹೇಳಿರಿ, ಅಷ್ಟು ಎಲೆ ಮೀಸಲಿಡಲಿ.