ಪುಣೆಯಲ್ಲಿ ಮೊದಲ ಗೇರ್ ಬೈಕ್: 125 ಸಾಕಾ, 160ಕ್ಕೆ ಹೋಗಬೇಕಾ, ನೇರ ಹಂಟರ್ ತಗೊಳ್ಳಬಹುದಾ?

ವಾಕಡ್ ವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಲ್ಲಿವರೆಗೆ ಓಡಿಸಿರೋದು ಆಕ್ಟಿವಾ ಮಾತ್ರ, ಗೇರ್ ಗಾಡಿ ಹೊಸದು. ರೂಮು ವಾಕಡ್‌ನಲ್ಲಿ, ಆಫೀಸು ಹಿಂಜವಡಿ ಫೇಸ್ 3ರಲ್ಲಿ. ದಿನಾ ಭೂಮ್ಕರ್ ಚೌಕದ ಜಾಮ್ ದಾಟಿ ಹೋಗಬೇಕು. ಶನಿವಾರ-ಭಾನುವಾರ ಸಿಂಹಗಡ, ಮುಂದೆ ಯಾವತ್ತಾದರೂ ವಿಜಯಪುರದ ತನಕ ಹೋಗೋ ಆಸೆ ಇದೆ.

ಎತ್ತರ 5 ಅಡಿ 4 ಇಂಚು, ತೂಕ 58 ಕೆಜಿ. ಆನ್‌ರೋಡ್ ಒಂದೂವರೆ ಲಕ್ಷದ ಒಳಗೆ ಇರಲಿ. ತಲೆಯಲ್ಲಿರೋದು ಹೋಂಡಾ ಶೈನ್ 125, ಟಿವಿಎಸ್ ರೈಡರ್ 125, ಹೋಂಡಾ ಯೂನಿಕಾರ್ನ್ (160 ಸಿಸಿ), ರಾಯಲ್ ಎನ್‌ಫೀಲ್ಡ್ ಹಂಟರ್ 350. "125 ತಗೊಂಡ್ರೆ ಆರು ತಿಂಗಳಿಗೇ ಬೇಜಾರು" ಅಂತ ಆಫೀಸಿನವರು ಹೇಳ್ತಾರೆ. ನಿಜಾನಾ?

ಘಾಟ್ ರಸ್ತೆ

ಸಿಸಿ ಲೆಕ್ಕ ಆಮೇಲೆ ನೋಡೋಣ. ಹೊಸಬರು ಗಾಡಿ ಬೀಳಿಸೋದು ಹೆಚ್ಚಾಗಿ ಐದು-ಹತ್ತು ಕಿ.ಮೀ. ವೇಗದಲ್ಲಿ: ಯು-ಟರ್ನ್, ಪಾರ್ಕಿಂಗ್, ಜಾಮ್‌ನಲ್ಲಿ ನಿಂತು ಹೊರಡೋವಾಗ. ಆಗ ಲೆಕ್ಕಕ್ಕೆ ಬರೋದು ತೂಕ, ಸೀಟಿನ ಎತ್ತರ, ಕ್ಲಚ್ ಎಷ್ಟು ಮೃದು ಅನ್ನೋದು. ಕುದುರೆಶಕ್ತಿಗೆ ಅಲ್ಲಿ ಕೆಲಸವೇ ಇಲ್ಲ.

ನಿಮ್ಮ ಪಟ್ಟಿಯನ್ನೇ ತೂಕದಲ್ಲಿ ಇಟ್ಟು ನೋಡಿ. ಶೈನ್ ಸುಮಾರು 113 ಕೆಜಿ, ರೈಡರ್ 123, ಯೂನಿಕಾರ್ನ್ 140ರ ಹತ್ತಿರ, ಹಂಟರ್ 181. ಶೈನ್‌ಗೂ ಹಂಟರ್‌ಗೂ ನಡುವೆ ಇರೋದು ನಿಮ್ಮ ಮೈತೂಕಕ್ಕಿಂತ ಹೆಚ್ಚು. ನೆಟ್ಟಗೆ ನಿಂತಿರುವಾಗ ಅದು ಗೊತ್ತಾಗಲ್ಲ. ಒಂದು ಕಾಲು ಗುಂಡಿಗೆ ಇಳಿದು ಗಾಡಿ ಸ್ವಲ್ಪ ಓರೆಯಾದ ಕ್ಷಣಕ್ಕೆ ಅಷ್ಟೂ ಭಾರ ತೊಡೆಗೆ ಬರುತ್ತೆ. ಹಂಟರ್ ಕೆಟ್ಟ ಗಾಡಿ ಅಂತಲ್ಲ, ಅದರ ಸೀಟು 790 ಮಿ.ಮೀ., ನಿಮಗೆ ಕಾಲು ಎಟುಕುತ್ತೆ. ಆದರೆ ದಿನಾ ಎರಡು ಸಲ ಭೂಮ್ಕರ್ ಚೌಕದ ಅಂಡರ್‌ಪಾಸ್‌ನಲ್ಲಿ ತೆವಳುತ್ತಾ ಕ್ಲಚ್ ಕಲಿಯೋಕೆ ಅದು ಬೇಡ.

ಶೋರೂಮಿನಲ್ಲಿ ಹೀಗೆ ಮಾಡಿ. ದಿನಾ ಹಾಕೋ ಶೂ ಹಾಕ್ಕೊಂಡು ಹೋಗಿ. ಸ್ಟ್ಯಾಂಡ್ ತೆಗೆದು, ಸೀಟ್ ಮೇಲೆ ಕೂತು, ಎರಡೂ ಪಾದದ ಮುಂಭಾಗ ನೆಲಕ್ಕೆ ಗಟ್ಟಿಯಾಗಿ ಊರುತ್ತಾ ನೋಡಿ. ಕಾಗದದ ಮೇಲಿನ ಸೀಟಿನ ಎತ್ತರ ಒಂದೇ ಇದ್ದರೂ ಸೀಟಿನ ಮುಂಭಾಗ ಅಗಲವಾಗಿದ್ದರೆ ತೊಡೆ ಅಗಲಿ ಕಾಲು ಕುಳ್ಳಾಗುತ್ತೆ, ಅದಕ್ಕೇ ಕೂತೇ ನೋಡಬೇಕು. ಆಮೇಲೆ ಕಾಲಿನಿಂದಲೇ ಗಾಡಿಯನ್ನ ಒಂದು ಹತ್ತು ಅಡಿ ಹಿಂದಕ್ಕೆ ತಳ್ಳಿ. ಇಳಿದು, ಹ್ಯಾಂಡಲ್ ಪೂರ್ತಿ ತಿರುಗಿಸಿ ನಡೆಸಿಕೊಂಡು ಒಂದು ಸುತ್ತು ಹಾಕಿ. ಕೊನೆಗೆ ಸೆಂಟರ್ ಸ್ಟ್ಯಾಂಡ್ ಹಾಕಿ. ಇಷ್ಟರಲ್ಲಿ ಎಲ್ಲಾದರೂ ಉಸಿರು ಕಟ್ಟಿದರೆ ಆ ಗಾಡಿ ಈಗ ಬೇಡ.

ಬೇಜಾರಿನ ಮಾತಿಗೆ ಬಂದರೆ, ಹಿಂಜವಡಿ ರಸ್ತೆಯಲ್ಲಿ ನಿಮ್ಮ ವೇಗ ನಿರ್ಧಾರ ಮಾಡೋದು ಮುಂದಿನ ಬಸ್ಸು. 125ರ 11 ಕುದುರೆಶಕ್ತಿ ಅಲ್ಲಿ ಧಾರಾಳ. ನನ್ನ ಆಯ್ಕೆ ಶೈನ್ 125ರ ಡಿಸ್ಕ್ ಮಾದರಿ ಅಥವಾ ರೈಡರ್. ಮುಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇರೋ ಮಾದರಿ ತಗೊಂಡು ಕೆಲವು ಸಾವಿರ ಉಳಿಸಬೇಡಿ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಎಲ್ಲ ಗಾಡಿಗೂ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ನಿಮ್ಮ ಪಟ್ಟಿಯ ನಾಲ್ಕಕ್ಕೂ ಒಂದೇ ದರ, ಹಾಗಾಗಿ "ದೊಡ್ಡದಕ್ಕೆ ಈಗ ಟ್ಯಾಕ್ಸ್ ಲಾಭ" ಅಂತ ಸೇಲ್ಸ್‌ನವರು ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಆನ್‌ರೋಡ್ ಲೆಕ್ಕವನ್ನ ಬರೆದು ಕೊಡಿ ಅನ್ನಿ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದು ಇರಲೇಬೇಕು. ಹ್ಯಾಂಡ್ಲಿಂಗ್ ಚಾರ್ಜ್, ಟೆಫ್ಲಾನ್ ಕೋಟಿಂಗ್, ಆಕ್ಸೆಸರಿ ಕಿಟ್ ಅಂತ ಸೇರಿಸಿದ ಸಾಲುಗಳನ್ನ ಹೊಡೆದುಹಾಕಿಸಿ. ಆ ದುಡ್ಡಿಗೆ ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್, ಒಂದು ಜೊತೆ ಗ್ಲೌಸ್ ಬರುತ್ತೆ.

ಬ್ರೇಕ್ ಮೊದಲು

ಘಾಟ್ ರಸ್ತೆಯವರ ತೂಕದ ಮಾತಿಗೆ ಪೂರ್ತಿ ಒಪ್ಪಿಗೆ. ಶೈನ್ ಅನ್ನೋ ಉತ್ತರಕ್ಕೆ ಒಪ್ಪಿಗೆ ಇಲ್ಲ. ಕಾರಣ ಪುಣೆಯ ಮಳೆ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಗಾಡಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದ ಹಾಗೆ ನೋಡೋ ವ್ಯವಸ್ಥೆ) ಕಡ್ಡಾಯ ಆಯಿತು, 125ರವರೆಗಿನದಕ್ಕೆ ಸಿಬಿಎಸ್ ಸಾಕು ಅಂದರು. ಎರಡೂ ಒಂದೇ ಥರ ಅಂತ ಅಂಗಡಿಯಲ್ಲಿ ಹೇಳ್ತಾರೆ, ಅಲ್ಲ. ಸಿಬಿಎಸ್ ಅಂದರೆ ಹಿಂದಿನ ಪೆಡಲ್ ತುಳಿದಾಗ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತೆ, ಅಷ್ಟೇ. ಬರೀ ಹಿಂದಿನ ಬ್ರೇಕ್ ಒತ್ತೋ ಅಭ್ಯಾಸದವರಿಗೆ ಅದರಿಂದ ಸಹಾಯ ಇದೆ. ಆದರೆ ಚಕ್ರ ಲಾಕ್ ಆಗೋದನ್ನ ಅದು ತಡೆಯಲ್ಲ. ಜೂನ್ ಮೊದಲ ಮಳೆಗೆ ರಸ್ತೆಯ ಎಣ್ಣೆ ಮೇಲೆದ್ದಾಗ, ಜೀಬ್ರಾ ಪಟ್ಟಿ ಮೇಲೆ, ಫ್ಲೈಓವರ್ ಜಾಯಿಂಟಿನ ಕಬ್ಬಿಣದ ಮೇಲೆ ಗಾಬರಿಯಿಂದ ಮುಂದಿನ ಬ್ರೇಕ್ ಹಿಂಡಿದರೆ ಮುಂದಿನ ಚಕ್ರ ಜಾರಿ ಗಾಡಿ ನೆಲಕ್ಕೆ. ಮುಂದಿನ ಚಕ್ರಕ್ಕೆ ಎಬಿಎಸ್ ಇದ್ದರೆ ಅದೇ ಹಿಂಡುವಿಕೆಗೆ ಲಿವರ್ ಕೈಯಲ್ಲಿ ಮಿಡಿಯುತ್ತೆ, ಗಾಡಿ ನೆಟ್ಟಗೆ ನಿಲ್ಲುತ್ತೆ. ಹೊಸಬರ ಕೈಗೆ ಹದ ಬಂದಿರಲ್ಲ, ಎಬಿಎಸ್ ಹೆಚ್ಚು ಬೇಕಾಗಿರೋದು ಅವರಿಗೇ.

ಅದಕ್ಕೇ ನಿಮ್ಮ ಪಟ್ಟಿಯಲ್ಲಿ ಯೂನಿಕಾರ್ನ್‌ಗೆ ನನ್ನ ಮತ. ಸಿಂಗಲ್ ಚಾನೆಲ್ ಎಬಿಎಸ್ (ಮುಂದಿನ ಚಕ್ರಕ್ಕೆ ಮಾತ್ರ) ಇದೆ, ಎಂಜಿನ್ ಶಾಂತ. ಸೀಟು 798 ಮಿ.ಮೀ., ಕೂತು ನೋಡಿ. ಪಟ್ಟಿಗೆ ಎರಡು ಸೇರಿಸಿ: ಯಮಹಾ ಎಫ್‌ಜೆಡ್-ಎಸ್, 149 ಸಿಸಿ, ಸುಮಾರು 135 ಕೆಜಿ, ಸೀಟು 790. 125ರಲ್ಲೇ ಬೇಕು ಅಂದರೆ ಹೀರೋ ಎಕ್ಸ್‌ಟ್ರೀಮ್ 125ಆರ್‌ನ ಎಬಿಎಸ್ ಮಾದರಿ. ಸಿಂಗಲ್ ಚಾನೆಲ್‌ನಲ್ಲಿ ಹಿಂದಿನ ಚಕ್ರ ಲಾಕ್ ಆಗಬಹುದು ಅನ್ನೋದು ನೆನಪಿರಲಿ. ಹಿಂದಿನದು ಜಾರಿದರೆ ಪೆಡಲ್ ಬಿಟ್ಟು ಸರಿಪಡಿಸೋಕೆ ಸಮಯ ಸಿಗುತ್ತೆ, ಮುಂದಿನದು ಜಾರಿದರೆ ಸಿಗಲ್ಲ.

ವಾಕಡ್ ವಾಸಿ

ಇಬ್ಬರಿಗೂ ಥ್ಯಾಂಕ್ಸ್. ಎಕ್ಸ್‌ಟ್ರೀಮ್ ಕೂಡ ನೋಡ್ತೀನಿ. ಇನ್ನೊಂದು ಮಾತು, ವಿಜಯಪುರದಲ್ಲಿ ಸಂಬಂಧಿಕರ ಹತ್ತಿರ ಕೆಎ-28 ನಂಬರಿನ ಹಳೇ 150 ಸಿಸಿ ಗಾಡಿ ಮಾರಾಟಕ್ಕಿದೆ. ಕಲಿಯೋಕೆ ಅದನ್ನೇ ತಂದರೆ ಹೇಗೆ? ಏನೇನು ಚೆಕ್ ಮಾಡಬೇಕು?

ಪಾನಾ-ಸ್ಕ್ರೂಡ್ರೈವರ್

ನೋಡ್ರಿ, ಹಳೇ ಗಾಡಿ ಕಲಿಯಾಕ ಚಲೋನ, ಬಿದ್ರೂ ಹೊಟ್ಟಿ ಉರಿಯೂದಿಲ್ಲ. ಆದ್ರ 2019ಕ್ಕಿಂತ ಹಿಂದಿನ ಮಾಡೆಲ್ ಇದ್ರ ಎಬಿಎಸ್ ಇರೋದು ಅನುಮಾನ, ಅದನ್ನ ಮೊದಲ ಕೇಳ್ರಿ.

ಇಂಜಿನ್ ತಣ್ಣಗಿದ್ದಾಗ ಹೋಗ್ರಿ. ಕೈಯಿಟ್ಟು ನೋಡ್ರಿ, ಮೊದಲ ಬಿಸಿ ಮಾಡಿ ಇಟ್ಟಿದ್ರ ಇನ್ನೊಂದಿನ ಬರ್ತೀನಿ ಅನ್ರಿ. ತಣ್ಣಗಿನ ಇಂಜಿನ್ ಚಾಲೂ ಮಾಡಿದಾಗ ಸೈಲೆನ್ಸರಿಂದ ನೀಲಿ ಹೊಗಿ ಬಂದ್ರ ಆಯಿಲ್ ಸುಡಾಕತ್ತದ ಅಂತ ಅರ್ಥ: ಪಿಸ್ಟನ್ ರಿಂಗ್ ಇಲ್ಲಾ ವಾಲ್ವ್ ಸೀಲ್ ಹೋಗ್ಯಾವ. ಅಂಥದ್ದು ಬಿಡ್ರಿ.

ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ರು ಹಿಂದ ಒತ್ತಿದ್ರ ಮುಂದಿನ ಗಾಲಿ ಎದ್ದೇಳ್ತದ. ಆವಾಗ ಹ್ಯಾಂಡಲ್ ಒಂದು ಬೆರಳಿಂದ ಅತ್ತಿತ್ತ ತಿರುಗಿಸ್ರಿ. ನಟ್ಟನಡುವ "ಟಕ್" ಅಂತ ಹಿಡಿದು ನಿಂತ್ರ ಕೋನ್ ಸೆಟ್ (ಹ್ಯಾಂಡಲ್ ತಿರುಗೂ ಬೇರಿಂಗ್) ಸವದದ. ಇಂಥಾ ಗಾಡಿ ನೆಟ್ಟಗ ಓಡೂದಿಲ್ಲ, ಹೊಸಬ್ರು ತಮ್ಮ ಬ್ಯಾಲೆನ್ಸ್ ಸರಿ ಇಲ್ಲ ಅನ್ಕೋತಾರ. ಆಮ್ಯಾಲ ಫೋರ್ಕ್ (ಮುಂದಿನ ಸಸ್ಪೆನ್ಷನ್) ಒತ್ತಿ ಬಿಡ್ರಿ, ಪೈಪಿನ ಮ್ಯಾಲ ಎಣ್ಣಿ ಗೆರಿ ಮೂಡಿದ್ರ ಆಯಿಲ್ ಸೀಲ್ ಖರ್ಚು ಇಟ್ಕೊಳ್ರಿ. ಹಿಂದಿನ ಸ್ಪ್ರಾಕೆಟ್ ತುದಿಗೆ ಚೈನ್ ಹಿಡಿದು ಹಿಂದಕ್ಕ ಜಗ್ರಿ. ಅರ್ಧ ಹಲ್ಲು ಕಾಣೂವಷ್ಟು ಎದ್ರ ಚೈನ್ ಸ್ಪ್ರಾಕೆಟ್ ಪೂರಾ ಸೆಟ್ ಬದಲಿಸ್ಬೇಕು, ಬರೀ ಚೈನ್ ಹಾಕಿದ್ರ ಹಳೇ ಹಲ್ಲು ಹೊಸಾ ಚೈನ್ ತಿಂತಾವ.

ಟೈರಿನ ಬದಿಗೆ ನಾಲ್ಕಂಕಿ ಇರ್ತಾವ. 2321 ಅಂದ್ರ 2021ರ 23ನೇ ವಾರ ಮಾಡಿದ್ದು. ನಕ್ಷಿ ಚಂದ ಇದ್ರೂ ಐದಾರು ವರ್ಷದ ರಬ್ಬರ್ ಗಟ್ಟಿ ಆಗಿರ್ತದ, ಮಳ್ಯಾಗ ಹಿಡಿಯೂದಿಲ್ಲ. ಟೈರ್ ಎರಡೂ ಹೊಸಾವ ಹಾಕ್ಸೂ ಖರ್ಚು ರೇಟಿನ್ಯಾಗ ಮುರಿಸ್ರಿ.

ಕಾಗದಪತ್ರ: ಆರ್‌ಸಿಯ ಚಾಸಿ ನಂಬರ್ ಗಾಡಿ ಮ್ಯಾಲಿನ ನಂಬರಿಗೆ ಹೊಂದಬೇಕು. ಬ್ಯಾಂಕಿನ ಸಾಲ ಆರ್‌ಸಿಯಾಗ ಇದ್ರ ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಅನ್ನೂ ಪತ್ರ) ಮತ್ತ ಫಾರ್ಮ್ 35 ಬೇಕು. ವರ್ಗಾವಣೆಗೆ ಫಾರ್ಮ್ 29, 30. ಬ್ಯಾರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ರ ಇಲ್ಲಿನ ಎಂಎಚ್-14 ನಂಬರಿಗೆ ಮರುನೋಂದಣಿ ಆಗ್ಬೇಕು. ವಿಜಯಪುರ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತಂದು, ಇಲ್ಲಿ ರೋಡ್ ಟ್ಯಾಕ್ಸ್ ಕಟ್ಟಿ, ಅಲ್ಲಿ ಕಟ್ಟಿದ್ದಕ್ಕ ರೀಫಂಡ್ ಕೇಳ್ಬೇಕು. ಈ ಓಡಾಟ ಲೆಕ್ಕ ಹಾಕಿದ್ರ ಪಿಂಪ್ರಿ-ಚಿಂಚವಾಡದಾಗ ಎಂಎಚ್-14 ಗಾಡೀನ ಹುಡುಕೋದು ಚಲೋ.

ಯಾವ ಗಾಡಿ ತಂದ್ರೂ ಅದರ ಪುಸ್ತಕದಾಗ ಹೇಳಿದ ಬೈಕಿನ ಇಂಜಿನ್ ಆಯಿಲ್‌ನ ಹಾಕ್ರಿ. ಬೈಕಿನ್ಯಾಗ ಕ್ಲಚ್ ಪ್ಲೇಟ್ ಅದೇ ಆಯಿಲ್‌ದಾಗ ಮುಳುಗಿರ್ತಾವ. ಕಾರಿನ ಆಯಿಲ್ ಹಾಕಿದ್ರ ಪ್ಲೇಟ್ ಜಾರ್ತಾವ: ಇಂಜಿನ್ ಒದರ್ತದ, ಗಾಡಿ ಮುಂದ ಹೋಗೂದಿಲ್ಲ.

ಎಲ್ ಬೋರ್ಡ್

ಸ್ಕೂಟರಿನಿಂದ ಬರೋರಿಗೆ ಒಂದು ಅಪಾಯ ಇದೆ, ಯಾರೂ ಹೇಳಲಿಲ್ಲ. ಆಕ್ಟಿವಾದಲ್ಲಿ ಎಡಗೈ ಲಿವರ್ ಬ್ರೇಕು. ಬೈಕಲ್ಲಿ ಅದು ಕ್ಲಚ್. ಮುಂದೆ ನಾಯಿ ಅಡ್ಡ ಬಂದಾಗ ಎಡಗೈ ತಾನಾಗೇ ಹಿಂಡುತ್ತೆ, ಎಂಜಿನ್ ಹಿಡಿತ ತಪ್ಪಿ ಗಾಡಿ ಇನ್ನೂ ಸಲೀಸಾಗಿ ಮುಂದೆ ಉರುಳುತ್ತೆ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್, ಬ್ರೇಕ್ ಹುಡುಕೋ ಒಂದು ಸೆಕೆಂಡಿಗೆ ಒಂದು ಬಸ್ಸಿನಷ್ಟು ಉದ್ದ ಹೋಗಿರ್ತೀರಿ. ಹಾಗಾಗಿ ರಸ್ತೆಗೆ ಇಳಿಯೋ ಮೊದಲು ಖಾಲಿ ಜಾಗದಲ್ಲಿ ಬಲಗೈ-ಬಲಗಾಲು ಬ್ರೇಕನ್ನ ಮೈಗೆ ಕಲಿಸಿ.

ಮೊದಲು ಆಕ್ಸಿಲರೇಟರ್ ಮುಟ್ಟದೆ, ಮೊದಲ ಗೇರಿನಲ್ಲಿ ಕ್ಲಚ್ಚನ್ನ ಕೂದಲೆಳೆಯಷ್ಟೇ ಬಿಡುತ್ತಾ ಹೋಗಿ. ಎಂಜಿನ್ ಸದ್ದು ತಗ್ಗಿ ಗಾಡಿ ಮುಂದಕ್ಕೆ ತುಯ್ಯುವ ಜಾಗ ಸಿಗುತ್ತೆ. ಅಲ್ಲೇ ಕೈ ನಿಲ್ಲಿಸಿ, ಕಾಲು ನೆಲಕ್ಕೆ ತಾಗಿಸಿಕೊಂಡು ನಡಿಗೆಯ ವೇಗದಲ್ಲಿ ಮೈದಾನದ ಉದ್ದಕ್ಕೂ ಹೋಗಿ ಬನ್ನಿ. ಇದು ಕೈಗೆ ಹತ್ತಿದ ಮೇಲೆ ಎಂಟರ ಆಕಾರದಲ್ಲಿ ಓಡಿಸೋದು, ಆಮೇಲೆ 20 ಕಿ.ಮೀ. ವೇಗದಿಂದ, ನಂತರ 30ರಿಂದ ಎರಡೂ ಬ್ರೇಕ್ ಹಾಕಿ ನಿಲ್ಲಿಸೋದು. ಮುಂದಿನ ಲಿವರ್ ಹಿಂಡುತ್ತಾ ಬಿಗಿ ಮಾಡಬೇಕು, ಒಮ್ಮೆಲೇ ಕಿತ್ತುಕೊಳ್ಳಬಾರದು. ಹ್ಯಾಂಡಲ್ ತಿರುಗಿರುವಾಗ, ನಿಧಾನ ವೇಗದಲ್ಲಿ, ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಅಲ್ಲಿ ಎಬಿಎಸ್ ಕೂಡ ಕಾಪಾಡಲ್ಲ, ಅಷ್ಟು ಕಡಿಮೆ ವೇಗದಲ್ಲಿ ಅದು ಕೆಲಸ ಮಾಡಲ್ಲ. ಅಂಥ ಕಡೆ ಹಿಂದಿನ ಬ್ರೇಕ್ ಮಾತ್ರ.

ಏರಿನಲ್ಲಿ ನಿಂತು ಹೊರಡೋವಾಗ ಬಲಗಾಲು ಹಿಂದಿನ ಬ್ರೇಕ್ ಮೇಲೆ, ಎಡಗಾಲು ನೆಲಕ್ಕೆ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ನಿಧಾನಕ್ಕೆ ಬಿಡುತ್ತಾ ಗಾಡಿ ಮುಂದಕ್ಕೆ ತುಯ್ದ ಮೇಲೆ ಬ್ರೇಕ್ ಬಿಡಿ. ಜಾಮ್‌ನಲ್ಲಿ ಅರ್ಧ ಕ್ಲಚ್ ಹಿಡಿದುಕೊಂಡೇ ನಿಲ್ಲಬೇಡಿ, ನ್ಯೂಟ್ರಲ್‌ಗೆ ಹಾಕಿ ಕೈ ಬಿಡಿ. ಪ್ಲೇಟ್ ಬೇಗ ಸವೆಯೋದು ಹೀಗೇ. ಗೇರ್ ಕ್ರಮವನ್ನೂ ಕೇಳಿಕೊಳ್ಳಿ. 100 ಸಿಸಿ ಗಾಡಿಗಳಲ್ಲಿ ಕೆಲವಕ್ಕೆ ಎಲ್ಲ ಗೇರೂ ಮುಂದಕ್ಕೆ ಒತ್ತಿದರೆ ಬೀಳುತ್ತವೆ, ಯೂನಿಕಾರ್ನ್ ಥರದ್ದರಲ್ಲಿ ಮೊದಲನೆಯದು ಕೆಳಗೆ, ಉಳಿದವು ಮೇಲೆ.

ನಿಮ್ಮ ಲೈಸೆನ್ಸ್ ತೆಗೆದು ನೋಡಿ. ಎಂಸಿಡಬ್ಲ್ಯುಒಜಿ (ಗೇರ್ ಇಲ್ಲದ ಗಾಡಿ) ಅಂತ ಮಾತ್ರ ಇದ್ದರೆ ಗೇರ್ ಗಾಡಿ ಓಡಿಸೋ ಹಾಗಿಲ್ಲ, ಅಪಘಾತ ಆದರೆ ವಿಮೆಯವರು ತಕರಾರು ತೆಗೀತಾರೆ. ಎಂಸಿಡಬ್ಲ್ಯುಜಿಗೆ (ಗೇರ್ ಇರೋ ಗಾಡಿ) ಎಲ್‌ಎಲ್, ಅಂದರೆ ಕಲಿಯೋರ ಲೈಸೆನ್ಸ್, ಮಾಡಿಸಿ, 30 ದಿನ ಆದ ಮೇಲೆ, ಆರು ತಿಂಗಳು ಮುಗಿಯೋದರೊಳಗೆ ಟೆಸ್ಟ್ ಕೊಡಿ.

ಘಾಟ್ ರಸ್ತೆ

ಎಡಗೈ ವಿಷಯ ಬಹಳ ಮುಖ್ಯವಾದದ್ದು, ಒಳ್ಳೇದಾಯ್ತು ಹೇಳಿದ್ದು. ಎಕ್ಸ್‌ಟ್ರೀಮ್ ಎಬಿಎಸ್ ಸೀಟು ನಿಮಗೆ ಹೊಂದಿದರೆ ನಾನೂ ಶೈನ್ ಬಿಟ್ಟು ಅದನ್ನೇ ತಗೊಳ್ಳಿ ಅಂತೀನಿ.

ಸಿಂಹಗಡಕ್ಕೆ ಮೊದಲ ಮಳೆಗಾಲ ಬೇಡ, ದಾರಿ ಕಿರಿದು, ತಿರುವಿನಲ್ಲಿ ಮಣ್ಣು ಹರಿದಿರುತ್ತೆ. ಒಣಗಿದ ಮೇಲೆ ಹೋಗಿ. ಇಳಿಯೋವಾಗ ಎಂಜಿನ್ ಆಫ್ ಮಾಡಿ ಅಥವಾ ನ್ಯೂಟ್ರಲ್‌ನಲ್ಲಿ ಬಿಟ್ಟು ಪೆಟ್ರೋಲ್ ಉಳಿಸೋರನ್ನ ನೋಡ್ತೀರಿ, ಹಾಗೆ ಮಾಡಬೇಡಿ. ಪೂರ್ತಿ ಭಾರ ಬ್ರೇಕ್ ಮೇಲೆ ಬಿದ್ದು ಡ್ರಮ್ ಕಾದರೆ ಪೆಡಲ್ ತುಳಿದರೂ ಹಿಡಿಯಲ್ಲ. ಎರಡನೇ ಗೇರಿನಲ್ಲೇ ಇಳಿಯಿರಿ, ಎಂಜಿನ್ನೇ ಹಿಡಿದುಕೊಳ್ಳುತ್ತೆ.

ವಿಜಯಪುರ ಸೊಲ್ಲಾಪುರದ ಮೇಲೆ ಸುಮಾರು 350 ಕಿ.ಮೀ. 125ರಲ್ಲಿ ಹೋಗಬಹುದು, 60-70ರಲ್ಲಿ. ನೀವು ಲಾರಿಯನ್ನ ಹಿಂದಿಕ್ಕಿದಾಗ ಗಾಳಿ ಮೊದಲು ಒಳಕ್ಕೆ ಸೆಳೆದು ಆಮೇಲೆ ಹೊರಕ್ಕೆ ತಳ್ಳುತ್ತೆ, ಹಗುರ ಗಾಡಿಗೆ ಇದು ಜಾಸ್ತಿ. ಹ್ಯಾಂಡಲ್ ಬಿಗಿ ಹಿಡಿಯದೆ ಮೊಣಕಾಲಿನಿಂದ ಟ್ಯಾಂಕ್ ಒತ್ತಿಕೊಳ್ಳಿ. ಅದಕ್ಕೆ ಮೊದಲು ಅದೇ ದಾರಿಯ ಭಿಗವಣ್ ತನಕ ಒಂದು ಸಲ ಹೋಗಿ ಬನ್ನಿ, ಅಷ್ಟರಲ್ಲಿ ಸೀಟು, ಸೊಂಟ, ಕೈ ಎಲ್ಲ ಹೇಗೆ ತಡೆಯುತ್ತೆ ಗೊತ್ತಾಗುತ್ತೆ. ಟೈರ್ ಗಾಳಿ ಬೆಳಿಗ್ಗೆ ತಣ್ಣಗಿದ್ದಾಗ ನೋಡಿ. ಒಬ್ಬರೇ ಇದ್ದರೆ ಈ ಗಾತ್ರದ ಗಾಡಿಗೆ ಸಾಮಾನ್ಯವಾಗಿ ಮುಂದೆ 25, ಹಿಂದೆ 28 ಪಿಎಸ್‌ಐ ಆಸುಪಾಸು. ನಿಮ್ಮ ಗಾಡಿಯ ಸ್ಟಿಕ್ಕರ್ ಬೇರೆ ಹೇಳಿದರೆ ಅದೇ ಸರಿ.